ಉಸುಕಿಗೂ ಒಂದು ಖಾತೆ: ಹುಬ್ಬಳ್ಳಿಯ ಫೌಂಡ್ರಿಯೊಂದು ಪರಿಸರ ನಿರ್ವಹಣಾ ವ್ಯವಸ್ಥೆಗೆ ಬಂದ ಬಗೆ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಉಕ್ಕಿನ ವಾಲ್ವ್ ಬಾಡಿಗಳನ್ನು (ಕವಾಟಗಳ ಹೊರಕವಚಗಳನ್ನು) ಎರಕ ಹೊಯ್ದು, ಅಲ್ಲಿಯೇ ಮಷಿನ್ ಶಾಪ್‌ನಲ್ಲಿ ಅವುಗಳ ಕೆಲಸ ಮುಗಿಸಿ, ನೀರಿನ ಒತ್ತಡದಲ್ಲಿ ಪರೀಕ್ಷಿಸಿ ಕಳುಹಿಸುವ ಮಧ್ಯಮ ಗಾತ್ರದ ಫೌಂಡ್ರಿಯೊಂದರಲ್ಲಿ ನಾನು ಬಹಳ ವರ್ಷಗಳಿಂದ ಲೆಕ್ಕಪತ್ರ ಮತ್ತು ಖರೀದಿಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಘಟಕವು ಐಎಸ್‌ಒ 14001 ಪರಿಸರ ನಿರ್ವಹಣಾ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಲು ನಿರ್ಧರಿಸಿದಾಗ ಮಾಲಕರು ನನಗೆ ಒಪ್ಪಿಸಿದ ಹೊಣೆ ಒಂದೇ ಆಗಿತ್ತು: ಇದಕ್ಕೆ ಹೋಗುವ ರೊಕ್ಕವೆಷ್ಟು, ಇದರಿಂದ ಉಳಿಯುವ ರೊಕ್ಕವೆಷ್ಟು ಎಂಬುದನ್ನು ಪ್ರತ್ಯೇಕ ಖಾತೆಯಲ್ಲಿ ಬರೆದಿಡುವುದು. ಪ್ರಮಾಣಪತ್ರ ಈಗ ಕಚೇರಿಯ ಗೋಡೆಯ ಮೇಲಿದೆ. ಆದರೆ ಈ ವ್ಯವಸ್ಥೆಯಿಂದ ವ್ಯಾಪಾರಕ್ಕೆ ಆದ ಲಾಭ ಆ ಖಾತೆಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಗೋಕುಲ ರಸ್ತೆಯಲ್ಲಿಯೂ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿಯೂ ಇದೇ ದಾರಿಯನ್ನು ಹಿಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಘಟಕಗಳಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒತ್ತಾಯ ಬಂದದ್ದು ಗ್ರಾಹಕರಿಂದ. ನಮ್ಮ ಎರಕಗಳನ್ನು ಕೊಳ್ಳುವ ದೊಡ್ಡ ಕಂಪನಿಯೊಂದು, ಪೂರೈಕೆದಾರರ ಪಟ್ಟಿಯಲ್ಲಿ ಮುಂದುವರಿಯಬೇಕಾದರೆ ನಿಗದಿತ ಅವಧಿಯೊಳಗೆ ಈ ಪ್ರಮಾಣಪತ್ರ ಪಡೆಯಬೇಕೆಂದು ಪತ್ರ ಬರೆಯಿತು. ಶೇರು ಮಾರುಕಟ್ಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ತಮ್ಮ ವಾರ್ಷಿಕ ವರದಿಯೊಡನೆ ಪ್ರಕಟಿಸುವುದನ್ನು ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022-23ರ ಹಣಕಾಸು ವರ್ಷದಿಂದ ಕಡ್ಡಾಯ ಮಾಡಿದೆ. ತಮ್ಮ ಕಾರ್ಖಾನೆಯ ಲೆಕ್ಕ ಕೊಡಬೇಕಾದವರು ತಮಗೆ ಸರಕು ಒದಗಿಸುವವರ ಲೆಕ್ಕವನ್ನೂ ಕೇಳತೊಡಗುವುದು ಸಹಜ. ಆದ್ದರಿಂದ ಆ ಪತ್ರವನ್ನು ನಾವು ಒಬ್ಬ ಗ್ರಾಹಕನ ಹಟವೆಂದು ತಿಳಿಯದೆ, ಇನ್ನು ಮುಂದೆ ಎಲ್ಲರೂ ಕೇಳಲಿರುವ ಪ್ರಶ್ನೆಯೆಂದೇ ತಿಳಿದೆವು.

ಈ ಮಾನದಂಡದ ಬಗ್ಗೆ ನಮ್ಮ ಭಾಗದ ಉದ್ಯಮಿಗಳಲ್ಲಿ ಒಂದು ತಪ್ಪು ಕಲ್ಪನೆಯಿದೆ. ಹೊಗೆ ಇಷ್ಟೇ ಇರಬೇಕು, ನೀರು ಇಷ್ಟೇ ಬಿಡಬೇಕು ಎಂಬ ಮಿತಿಗಳನ್ನು ಐಎಸ್‌ಒ 14001 ಹಾಕುತ್ತದೆಂದು ಹಲವರು ನಂಬಿದ್ದಾರೆ. ಅಂಥ ಮಿತಿಗಳು ಬರುವುದು 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ಅವುಗಳಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಘಟಕ ನಡೆಸಲು ಕೊಡುವ ಸಮ್ಮತಿ ಪತ್ರದಿಂದ. 1996ರಲ್ಲಿ ಮೊದಲು ಪ್ರಕಟವಾಗಿ 2004 ಮತ್ತು 2015ರಲ್ಲಿ ಪರಿಷ್ಕೃತಗೊಂಡ ಈ ಮಾನದಂಡವು ಕೇಳುವುದು ಬೇರೆ ಬಗೆಯ ಶಿಸ್ತನ್ನು: ನಿಮ್ಮ ಕೆಲಸದಿಂದ ಪರಿಸರದ ಮೇಲೆ ಏನೇನು ಪರಿಣಾಮವಾಗುತ್ತದೆಂದು ನೀವೇ ಹುಡುಕಿ ಬರೆಯಿರಿ, ನಿಮಗೆ ಅನ್ವಯಿಸುವ ಕಾನೂನುಗಳನ್ನು ಪಾಲಿಸಿ, ಮುಖ್ಯವೆನಿಸಿದ ಪರಿಣಾಮಗಳನ್ನು ತಗ್ಗಿಸಲು ಗುರಿ ಇಟ್ಟುಕೊಳ್ಳಿ, ಅಳೆಯಿರಿ, ನಿಗದಿತ ಅವಧಿಗೊಮ್ಮೆ ಮತ್ತೆ ಪರಿಶೀಲಿಸಿ. ಪ್ರಮಾಣಪತ್ರವನ್ನು ಕೊಡುವುದು ಕೂಡ ಐಎಸ್‌ಒ ಸಂಸ್ಥೆಯಲ್ಲ, ಮಾನ್ಯತೆ ಪಡೆದ ಬೇರೆ ಸಂಸ್ಥೆಗಳು. ನಮ್ಮ ದೇಶದಲ್ಲಿ ಅಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವುದು ಭಾರತೀಯ ಗುಣಮಟ್ಟ ಪರಿಷತ್ತಿನ ಭಾಗವಾಗಿರುವ ಎನ್‌ಎಬಿಸಿಬಿ. ಮಾನ್ಯತೆಯಿಲ್ಲದವರು ಕಡಿಮೆ ದರಕ್ಕೆ ಕೊಡುವ ಪ್ರಮಾಣಪತ್ರವನ್ನು ದೊಡ್ಡ ಗ್ರಾಹಕರು ಒಪ್ಪುವುದಿಲ್ಲ. ಆದ್ದರಿಂದ ದರಪತ್ರ ತರಿಸುವಾಗಲೇ ಇದನ್ನು ನೋಡಿಕೊಳ್ಳಬೇಕು.

ಮೊದಲು ನಮ್ಮ ಬಳಿ ಬಂದ ಸಲಹೆಗಾರರೊಬ್ಬರು ಸಿದ್ಧ ಕಡತಗಳ ಒಂದು ಕಟ್ಟನ್ನೇ ತಂದಿದ್ದರು. ಬೇರೆ ಯಾವುದೋ ಕಾರ್ಖಾನೆಗೆ ಬರೆದದ್ದರಲ್ಲಿ ಹೆಸರು ಬದಲಿಸಿದರೆ ಸಾಕು, ಕೆಲಸ ಬೇಗ ಮುಗಿಯುತ್ತದೆ ಎಂಬುದು ಅವರ ಮಾತು. ಮಾಲಕರು ಅದಕ್ಕೆ ಒಪ್ಪಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ನಮ್ಮ ಘಟಕ ತೆಗೆದುಕೊಂಡ ಅತಿ ಲಾಭದಾಯಕ ನಿರ್ಧಾರವೇ ಅದು. ಸಿದ್ಧ ಕಡತದಲ್ಲಿ ನಮ್ಮ ಉಸುಕು, ನಮ್ಮ ಕುಲುಮೆ, ನಮ್ಮ ಟ್ಯಾಂಕರ್ ನೀರು ಯಾವುದೂ ಇರುವುದಿಲ್ಲ, ಮತ್ತು ಇಲ್ಲದ್ದರಿಂದ ಉಳಿತಾಯವೂ ಹುಟ್ಟುವುದಿಲ್ಲ. ಎರಡನೆಯ ಸಲಹೆಗಾರರು ಕಾಗದ ಮುಟ್ಟುವ ಮೊದಲು ಶಾಪ್ ಫ್ಲೋರ್ ಸುತ್ತಬೇಕೆಂದರು, ಮತ್ತು ಜೊತೆಗೆ ಲೆಕ್ಕಪತ್ರದವರೂ ಬರಬೇಕೆಂದರು.

ಆ ಸುತ್ತಾಟದ ಫಲವೇ ನಮ್ಮವರು ಆಸ್ಪೆಕ್ಟ್-ಇಂಪ್ಯಾಕ್ಟ್ ರಜಿಸ್ಟರ್ ಎಂದು ಕರೆಯುವ ದಾಖಲೆ. ಎರಕದ ಮಾದರಿಗಳನ್ನು ಮಾಡುವ ಪ್ಯಾಟರ್ನ್ ಶಾಪ್‌ನಿಂದ ಡಿಸ್ಪ್ಯಾಚ್‌ವರೆಗೆ ಪ್ರತಿಯೊಂದು ಕೆಲಸದಲ್ಲಿ ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ ಎಂದು ಅದರಲ್ಲಿ ಬರೆಯಬೇಕು. ಅದನ್ನು ಬರೆಯುತ್ತ ಹೋದಂತೆ ನನಗೆ ಒಂದು ವಿಷಯ ನಿಚ್ಚಳವಾಯಿತು. ಒಳಗೆ ಬರುವ ಪ್ರತಿ ವಸ್ತುವಿಗೂ ನನ್ನ ಬಳಿ ಖರೀದಿ ಬಿಲ್ ಇತ್ತು, ದರವಿತ್ತು, ಖಾತೆಯಿತ್ತು. ಹೊರಗೆ ಹೋಗುವ ಸರಕುಗಳಲ್ಲಿ ಮಾರಾಟವಾದ ಎರಕಕ್ಕೆ ಮಾತ್ರ ಖಾತೆಯಿತ್ತು. ಶೆಡ್ಡಿನ ಹಿಂದೆ ರಾಶಿ ಬಿದ್ದ ಉಸುಕು, ಚರಂಡಿಗೆ ಹರಿದ ಟೆಸ್ಟಿಂಗ್ ನೀರು, ಲೋಹ ಕೊರೆದಾಗ ಬೀಳುವ ಚಿಪ್ಸ್ ಜೊತೆ ಸೋರಿ ಹೋದ ಕೂಲಂಟ್ (ಕೊರೆಯುವಾಗ ತಂಪಾಗಿಡುವ ದ್ರವ), ಗಾಳಿಗೆ ಸೇರಿದ ಅನಿಲ, ಇವೆಲ್ಲ ದುಡ್ಡು ಕೊಟ್ಟು ತಂದ ಸರಕುಗಳೇ ಆಗಿದ್ದರೂ ಹೊರಗೆ ಹೋಗುವಾಗ ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಪರಿಸರ ನಿರ್ವಹಣಾ ವ್ಯವಸ್ಥೆ ವ್ಯಾಪಾರಕ್ಕೆ ಮಾಡುವ ಮೊದಲ ಉಪಕಾರವೆಂದರೆ ಈ ಹೊರಹರಿವಿಗೂ ಒಂದು ಖಾತೆ ತೆರೆಸುವುದು.

ಉಸುಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಫೌಂಡ್ರಿಯಲ್ಲಿ ತೂಕದ ಲೆಕ್ಕದಲ್ಲಿ ಅತಿ ಹೆಚ್ಚು ಹೊರಬೀಳುವುದು ಅದೇ. ನಮ್ಮಲ್ಲಿ ಅಚ್ಚು ಮಾಡುವುದು ಸಿಲಿಕಾ ಉಸುಕಿಗೆ ಸೋಡಿಯಂ ಸಿಲಿಕೇಟ್ ಬೆರೆಸಿ, ಅದರೊಳಗೆ ಕಾರ್ಬನ್ ಡೈಆಕ್ಸೈಡ್ ಅನಿಲ ಹಾಯಿಸಿ ಗಟ್ಟಿ ಮಾಡುವ ವಿಧಾನದಲ್ಲಿ. ಎರಕ ತೆಗೆದ ಮೇಲೆ ಉಳಿಯುವ ಉಸುಕಿನಲ್ಲಿ ಸೋಡಿಯಂ ಅಂಶ ಅಂಟಿಕೊಂಡಿರುವುದರಿಂದ ಅದರ ಉಷ್ಣ ತಾಳುವ ಶಕ್ತಿ ಕುಗ್ಗಿರುತ್ತದೆ, ಹಾಗಾಗಿ ಅದನ್ನು ಪೂರ್ತಿಯಾಗಿ ಮತ್ತೆ ಬಳಸಲು ಆಗುವುದಿಲ್ಲ. ಈ ಕಾರಣಕ್ಕೆ ಎಲ್ಲ ಅಚ್ಚುಗಳಿಗೂ ಹೊಸ ಉಸುಕು, ಎಲ್ಲ ಹಳೆಯ ಉಸುಕೂ ಹಿಂದಿನ ರಾಶಿಗೆ ಎಂಬ ರೂಢಿ ಬಿದ್ದಿತ್ತು. ಮಳೆಗಾಲದಲ್ಲಿ ಆ ರಾಶಿಯ ಮೇಲೆ ಬಿದ್ದ ನೀರು ಎರೆಮಣ್ಣಿನ ಮೇಲೆ ಹರಿದು ಪಕ್ಕದ ನಾಲೆಗೆ ಸೇರುತ್ತಿತ್ತು. ಈ ವಿಷಯವನ್ನು ಸಭೆಯಲ್ಲಿ ಚರ್ಚಿಸುವಾಗ ಹಿರಿಯ ಮೋಲ್ಡರ್ ಒಬ್ಬರು ಎದ್ದು ನಿಂತು, "ಅಕ್ಕಾರ, ಅಚ್ಚಿನ ಬೆನ್ನಿಗೂ ಹೊಸಾ ಉಸುಕು ಯಾಕ ಬೇಕ್ರಿ? ಲೋಹಾ ತಾಗೂ ಕಡೆ ಅಷ್ಟ ಹೊಸಾದು ಹಾಕಿ, ಹಿಂದ ಹಳೇದು ತುಂಬಿದ್ರ ನಡೀತದ್ರಿ. ನಾವು ಕೆಲಸಾ ಕಲಿಯೂ ಮುಂದ ಹಂಗ ಮಾಡ್ತಿದ್ವಿ" ಎಂದರು. ಪುಸ್ತಕದ ಮಾತಿನಲ್ಲಿ ಇದು ಫೇಸಿಂಗ್ ಸ್ಯಾಂಡ್ ಮತ್ತು ಬ್ಯಾಕಿಂಗ್ ಸ್ಯಾಂಡ್ ಎಂಬ ವ್ಯವಸ್ಥೆ. ಹಳೆಯ ಉಸುಕಿನ ಹೆಂಟೆಗಳನ್ನು ಒಡೆದು, ಜರಡಿ ಹಿಡಿದು, ದೂಳು ಬೇರ್ಪಡಿಸುವ ಯಂತ್ರವೊಂದನ್ನು ಕೊಂಡೆವು. ಅಚ್ಚಿನ ಒಳಮೈಗೆ ಹೊಸ ಉಸುಕು, ಬೆನ್ನಿಗೆ ಶುದ್ಧೀಕರಿಸಿದ ಹಳೆಯದು ಎಂಬ ಕ್ರಮ ನೆಲೆಗೊಂಡ ಮೇಲೆ ಉಸುಕಿನ ಲಾರಿಗಳು ಬರುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಖರೀದಿ ಆದೇಶ ಬರೆಯುವವಳು ನಾನೇ ಆದ್ದರಿಂದ ಇದನ್ನು ಯಾರಿಂದಲೂ ಕೇಳಿ ತಿಳಿಯಬೇಕಿರಲಿಲ್ಲ. ಹೊರಹಾಕುವ ಉಸುಕಿನ ಸಾಗಣೆ ಬಾಡಿಗೆಯೂ ಅದರೊಡನೆ ಇಳಿಯಿತು.

ಅನಿಲದ ವಿಷಯದಲ್ಲಿ ನನಗೆ ಆದ ತಿಳಿವಳಿಕೆಯನ್ನು ಬರೆಯದಿದ್ದರೆ ಈ ಕಥನ ಅಪೂರ್ಣ. ಅಚ್ಚು ಗಟ್ಟಿಯಾಗಲೆಂದು ಕೆಲಸಗಾರರು ಅಂದಾಜಿನ ಮೇಲೆ ಅನಿಲ ಬಿಡುತ್ತಿದ್ದರು, ಮತ್ತು ಎಲ್ಲರ ಅಂದಾಜೂ ಹೆಚ್ಚಿನ ಕಡೆಗೇ ವಾಲುತ್ತಿತ್ತು. ಆದರೆ ಈ ವಿಧಾನದಲ್ಲಿ ಅನಿಲ ಅತಿಯಾದರೆ ಅಚ್ಚು ಮೊದಲು ಗಟ್ಟಿಯೆನಿಸಿದರೂ ಸ್ವಲ್ಪ ಹೊತ್ತು ಇಟ್ಟ ಮೇಲೆ ಅಂಚುಗಳು ಉದುರತೊಡಗುತ್ತವೆ. ಉದುರಿದ ಕಣಗಳು ಕರಗಿದ ಉಕ್ಕಿನೊಳಗೆ ಸೇರಿ ಎರಕದಲ್ಲಿ ದೋಷವಾಗಿ ಉಳಿಯುತ್ತವೆ. ಪ್ರತಿ ಅಚ್ಚಿನ ಗಾತ್ರಕ್ಕೆ ತಕ್ಕಂತೆ ಸಮಯ ನಿಗದಿಪಡಿಸಿ, ಸಿಲಿಂಡರ್ ಸಾಲಿಗೆ ಫ್ಲೋಮೀಟರ್ ಮತ್ತು ಟೈಮರ್ ಜೋಡಿಸಿದಾಗ ಸಿಲಿಂಡರ್ ಖರ್ಚು ಇಳಿದದ್ದು ನಿರೀಕ್ಷಿತವೇ. ಅದರ ಜೊತೆಗೆ ಉಸುಕಿನ ದೋಷದಿಂದ ತಿರಸ್ಕೃತವಾಗುವ ಎರಕಗಳೂ ಕಡಿಮೆಯಾದವು. ಪರಿಸರಕ್ಕೆಂದು ಹಾಕಿದ ಗುರಿಯಿಂದ ಗುಣಮಟ್ಟದ ಸಮಸ್ಯೆಯೊಂದು ಪರಿಹಾರವಾದದ್ದನ್ನು ಕಂಡ ಮೇಲೆ, ಅಲ್ಲಿಯವರೆಗೆ ದೂರ ನಿಂತಿದ್ದ ಉತ್ಪಾದನಾ ವಿಭಾಗದವರು ತಾವಾಗಿಯೇ ಸಭೆಗೆ ಬರತೊಡಗಿದರು.

ತಿರಸ್ಕೃತ ಎರಕವೆಂದರೆ ಹೆಚ್ಚಾಗಿ ಸುಟ್ಟ ವಿದ್ಯುತ್ತೇ. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಉಕ್ಕು ಕರಗಿಸಲು ಸಾಮಾನ್ಯವಾಗಿ 550ರಿಂದ 700 ಯೂನಿಟ್ ಬೇಕಾಗುತ್ತದೆ. ಉಕ್ಕಿನ ಎರಕದಲ್ಲಿ ಕರಗಿಸಿದ ಲೋಹದ ದೊಡ್ಡ ಪಾಲು, ಅಚ್ಚಿನ ಕಾಲುವೆಯಲ್ಲೂ ಹೆಚ್ಚುವರಿ ಲೋಹದ ಗುಂಡಿಯಲ್ಲೂ ಉಳಿದು ಗಟ್ಟಿಯಾದ ರನ್ನರ್, ರೈಸರ್‌ಗಳಾಗಿ ಕುಲುಮೆಗೆ ಮರಳುವುದರಿಂದ, ಮಾರಾಟವಾಗುವ ಪ್ರತಿ ಟನ್ನಿನ ಮೇಲೆ ಬೀಳುವ ವಿದ್ಯುತ್ತಿನ ಹೊರೆ ಇದಕ್ಕಿಂತ ಬಹಳ ಹೆಚ್ಚು. ವಿದ್ಯುತ್ ಪೂರೈಸುವ ಹೆಸ್ಕಾಂನ ಬಿಲ್ ನಮ್ಮ ಕೈಗೆ ಬರುವುದು ಇಡೀ ಘಟಕಕ್ಕೆ ಒಂದೇ ಮೊತ್ತವಾಗಿ. ಅದರಲ್ಲಿ ಕುಲುಮೆ ಎಷ್ಟು ತಿಂದಿತು, ಕಂಪ್ರೆಸರ್ ಎಷ್ಟು ತಿಂದಿತು ಎಂಬುದು ಕಾಣುವುದಿಲ್ಲ. ವ್ಯವಸ್ಥೆಯ ಭಾಗವಾಗಿ ಕುಲುಮೆಗೆ, ಕಂಪ್ರೆಸರ್‌ಗೆ ಮತ್ತು ಮಷಿನ್ ಶಾಪ್‌ಗೆ ಬೇರೆ ಬೇರೆ ಮೀಟರ್ ಕೂಡಿಸಿ, ಪ್ರತಿ ಹೀಟಿನ (ಒಂದು ಸಲ ಕರಗಿಸುವ ಕಂತಿನ) ಯೂನಿಟ್ಟನ್ನೂ ಕರಗಿಸಿದ ತೂಕವನ್ನೂ ಫಲಕದ ಮೇಲೆ ಬರೆಯತೊಡಗಿದೆವು. ಒಂದೇ ದರ್ಜೆಯ ಉಕ್ಕಿಗೆ ಒಂದು ಪಾಳಿಯಲ್ಲಿ ಒಂದು ಅಂಕಿ, ಇನ್ನೊಂದು ಪಾಳಿಯಲ್ಲಿ ಬೇರೆ ಅಂಕಿ. ಕಾರಣ ಕೇಳಿದಾಗ ಮೆಲ್ಟರ್ ಹೇಳಿದ್ದು ಇಷ್ಟೇ: "ಲೇಡಲ್ ಕಾಯ್ದಿರೂದಿಲ್ರಿ, ಅಚ್ಚು ತಯಾರ ಇರೂದಿಲ್ರಿ. ಅದು ಬರೂತನಕ ಲೋಹಾ ಕುದಿಸ್ಕೋತ ಕುಂದರಬೇಕಾಗ್ತದ." ಲೋಹ ಸಿದ್ಧವಾಗುವ ಹೊತ್ತಿಗೆ ಅಚ್ಚು, ಲೋಹ ಹೊಯ್ಯುವ ಪಾತ್ರೆಯಾದ ಲೇಡಲ್, ಕ್ರೇನ್ ಮೂರೂ ಸಿದ್ಧವಿರುವಂತೆ ವೇಳಾಪಟ್ಟಿ ಮಾಡಿದ್ದು, ಕುಲುಮೆಯ ಮುಚ್ಚಳವನ್ನು ತಪ್ಪದೆ ಹಾಕಿದ್ದು, ರೈಸರ್‌ಗಳಿಗೆ ಅಂಟಿದ ಉಸುಕನ್ನು ತೆಗೆದ ಮೇಲಷ್ಟೇ ಮರುಕರಗಿಸಲು ಹಾಕಿದ್ದು, ಈ ಮೂರಕ್ಕೂ ಹೇಳಿಕೊಳ್ಳುವಂಥ ಬಂಡವಾಳ ಬೇಕಾಗಲಿಲ್ಲ. ನಮ್ಮ ಉಳಿತಾಯದ ಖಾತೆಯಲ್ಲಿ ಅತಿ ದೊಡ್ಡ ಬಾಬತ್ತು ಇದೇ.

ಕಂಪ್ರೆಸರ್‌ನದು ಚಿಕ್ಕ ವಿಷಯವಾದರೂ ಫಲ ಬೇಗ ಸಿಕ್ಕಿತು. ಯಂತ್ರಗಳೆಲ್ಲ ನಿಂತ ವಾರದ ರಜೆಯ ದಿನ ಪೈಪುಗಳಿಗೆ ಸಾಬೂನು ನೀರು ಹಚ್ಚಿ ಸೋರಿಕೆ ಹುಡುಕಿದೆವು. ಎರಕದ ಮೈಯನ್ನು ಉಜ್ಜಿ ಸ್ವಚ್ಛಮಾಡುವ ಫೆಟ್ಲಿಂಗ್ ವಿಭಾಗಕ್ಕೆ ಬೇಕಾದುದಕ್ಕಿಂತ ಹೆಚ್ಚು ಒತ್ತಡ ಇಟ್ಟಿದ್ದನ್ನು ಇಳಿಸಿದೆವು. ಒಂದು ಬಾರ್ ಒತ್ತಡ ಇಳಿಸಿದರೆ ಕಂಪ್ರೆಸರ್‌ನ ವಿದ್ಯುತ್ ಸುಮಾರು ಶೇ. 6ರಿಂದ 7ರಷ್ಟು ಇಳಿಯುತ್ತದೆಂಬುದು ಈ ಕೆಲಸದವರಿಗೆಲ್ಲ ಗೊತ್ತಿರುವ ಲೆಕ್ಕ.

ನೀರಿನ ಬೆಲೆ ಹುಬ್ಬಳ್ಳಿ-ಧಾರವಾಡದವರಿಗೆ ಹೇಳಿಕೊಡಬೇಕಾಗಿಲ್ಲ. ಮಲಪ್ರಭೆಯ ನೀರನ್ನು ಸವದತ್ತಿಯ ಕಡೆಯಿಂದ ಎತ್ತಿ ತರುವ ಈ ಅವಳಿ ನಗರದಲ್ಲಿ ಮನೆಗಳೇ ದಿನಗಟ್ಟಲೆ ಕಾಯುತ್ತವೆ. ಬೇಸಿಗೆ ಬಂತೆಂದರೆ ನಮ್ಮಂಥ ಘಟಕಗಳು ಟ್ಯಾಂಕರ್ ಮೇಲೆಯೇ ನಡೆಯಬೇಕು. ವಾಲ್ವ್ ತಯಾರಿಕೆಯಲ್ಲಿ ಪ್ರತಿಯೊಂದು ಬಾಡಿಯನ್ನೂ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಲೇಬೇಕು. ಪರೀಕ್ಷೆ ಮುಗಿದೊಡನೆ ಆ ನೀರು ಚರಂಡಿಗೆ ಹೋಗುತ್ತಿತ್ತು, ಅದರೊಡನೆ ತುಕ್ಕು ತಡೆಯಲೆಂದು ಬೆರೆಸಿದ ರಾಸಾಯನಿಕವೂ ಹೋಗುತ್ತಿತ್ತು. ಟೆಸ್ಟ್ ಬೆಂಚುಗಳ ಕೆಳಗೆ ತೊಟ್ಟಿ ಕಟ್ಟಿ, ನೀರು ತಿಳಿಯಾಗಲು ಬಿಟ್ಟು, ಸೋಸಿ ಮತ್ತೆ ಬೆಂಚಿಗೇ ಏರಿಸುವ ವ್ಯವಸ್ಥೆ ಮಾಡಿದೆವು. ಈಗ ಆವಿಯಾಗಿ, ಚೆಲ್ಲಿ ಕಡಿಮೆಯಾದಷ್ಟನ್ನು ಮಾತ್ರ ತುಂಬಿಸಬೇಕಾಗುತ್ತದೆ. ಟ್ಯಾಂಕರ್ ಬಿಲ್ಲಿನ ಜೊತೆಗೆ ರಾಸಾಯನಿಕದ ಬಿಲ್ಲೂ ಇಳಿಯಿತು, ಮತ್ತು ಟ್ಯಾಂಕರ್ ಬಾರದ ದಿನ ಟೆಸ್ಟಿಂಗ್ ನಿಲ್ಲುವುದು ತಪ್ಪಿತು. ಈ ಮೂರನೆಯ ಲಾಭಕ್ಕೆ ಖಾತೆಯಲ್ಲಿ ಹಣದ ಅಂಕಿ ಬರೆಯುವುದು ಕಷ್ಟ. ಆದರೆ ಡಿಸ್ಪ್ಯಾಚ್ ದಿನಾಂಕ ತಪ್ಪಿದಾಗ ಗ್ರಾಹಕರ ಫೋನ್ ಎತ್ತಿಕೊಳ್ಳುವವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು.

ಮಷಿನ್ ಶಾಪ್‌ನ ಲೋಹದ ಚಿಪ್ಸ್ ಕೂಲಂಟಿನಲ್ಲಿ ತೊಯ್ದೇ ಗುಜರಿಗೆ ಹೋಗುತ್ತಿದ್ದವು. ವ್ಯಾಪಾರಿ ತೇವಕ್ಕೆಂದು ತೂಕದಲ್ಲಿ ಕಡಿತ ಮಾಡುತ್ತಿದ್ದ, ಸೋರಿದ ಎಣ್ಣೆನೀರು ಅಂಗಳದ ಮಣ್ಣಿಗೆ ಇಳಿಯುತ್ತಿತ್ತು. ತೂತುಗಳಿರುವ ತಳದ ಪೆಟ್ಟಿಗೆಗಳಲ್ಲಿ ಚಿಪ್ಸ್ ಬಸಿಯಲು ಇಟ್ಟು, ಕೆಳಗೆ ಸಂಗ್ರಹವಾದ ಕೂಲಂಟನ್ನು ಸೋಸಿ ಮರುಬಳಸಿದೆವು. ಹಳೆಯ ಹೈಡ್ರಾಲಿಕ್ ಎಣ್ಣೆ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರುತ್ತದೆ. 2016ರ ನಿಯಮಗಳ ಪ್ರಕಾರ ಅದನ್ನು 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು, ಸಾಗಿಸುವಾಗ ಮ್ಯಾನಿಫೆಸ್ಟ್ ಎಂಬ ಸಾಗಣೆ ಪತ್ರ ಇರಬೇಕು, ವರ್ಷದ ಲೆಕ್ಕವನ್ನು ಜೂನ್ 30ರೊಳಗೆ ನಾಲ್ಕನೆಯ ನಮೂನೆಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬೇಕು.

ಇಲ್ಲಿ ಕಾನೂನು ಪಾಲನೆಯ ಮಾತು ಬರುತ್ತದೆ. ಸಮ್ಮತಿ ಪತ್ರದ ಹಿಂದೆ ಅಚ್ಚಾಗಿರುವ ಷರತ್ತುಗಳನ್ನು ಎಷ್ಟು ಘಟಕಗಳು ಓದುತ್ತವೆಯೋ ನಾನು ಹೇಳಲಾರೆ, ಆದರೆ ನಾವು ಪ್ರತಿ ಷರತ್ತನ್ನೂ ಬೇರೆ ಸಾಲಿನಲ್ಲಿ ಬರೆದು ಅದರ ಮುಂದೆ ಹೊಣೆ ಹೊತ್ತವರ ಹುದ್ದೆ, ಅವಧಿ ಮತ್ತು ಆಧಾರ ಪತ್ರವನ್ನು ಬರೆದೆವು. ಚಿಮಣಿಯ ಎತ್ತರ, ಜನರೇಟರಿನ ಶಬ್ದ ತಡೆಯುವ ಕವಚ, ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕಾದ ಐದನೆಯ ನಮೂನೆಯ ಪರಿಸರ ವಿವರಣೆ, ಸಮ್ಮತಿಯ ನವೀಕರಣ, ಹೀಗೆ ಎಲ್ಲವೂ ಒಂದೇ ಕಡೆ ಕಾಣತೊಡಗಿದವು. ಕೊನೆಯ ಗಳಿಗೆಯಲ್ಲಿ ಮಂಡಳಿಯ ಧಾರವಾಡದ ಪ್ರಾದೇಶಿಕ ಕಚೇರಿಗೆ ಓಡಾಡುವುದು ನಿಂತಿತು. ಬ್ಯಾಂಕಿನವರು ಸಾಲದ ಮಿತಿಯನ್ನು ನವೀಕರಿಸುವಾಗ ಕೇಳುವ ಕಾಗದಗಳು ಕೇಳಿದ ದಿನವೇ ಸಿಗತೊಡಗಿದವು. ಸಮ್ಮತಿಯಿಲ್ಲದೆ ಘಟಕ ನಡೆದರೆ ಮುಚ್ಚುವ ಆದೇಶ ಬರಬಹುದು, ವಿದ್ಯುತ್ ಸಂಪರ್ಕ ಕಡಿತವಾಗಬಹುದು. ಅಂಥ ಒಂದು ವಾರದ ನಷ್ಟವನ್ನು ಲೆಕ್ಕ ಹಾಕಿ ನೋಡಿದವರು ಈ ಪಟ್ಟಿಯನ್ನು ಬರಿಯ ಕಾಗದವೆಂದು ಹೇಳಲಾರರು.

ಪ್ರಮಾಣಪತ್ರ ಕೊಡುವ ಸಂಸ್ಥೆಯವರು ಬಂದು ಮಾಡುವ ಆಡಿಟ್ ಬಗ್ಗೆ ಭಯ ಬೇಕಾಗಿಲ್ಲ. ಮೊದಲ ಹಂತದಲ್ಲಿ ದಾಖಲೆಗಳನ್ನೂ ನಮ್ಮ ಸಿದ್ಧತೆಯನ್ನೂ ನೋಡಿದರು, ಎರಡನೆಯ ಹಂತದಲ್ಲಿ ಬರೆದಂತೆ ನಡೆಯುತ್ತಿದೆಯೇ ಎಂದು ಶಾಪ್ ಫ್ಲೋರ್‌ನಲ್ಲಿ ನೋಡಿದರು. ಆ ಆಡಿಟರುಗಳು ವ್ಯವಸ್ಥಾಪಕರಿಗಿಂತ ಹೆಚ್ಚಾಗಿ ಕ್ರೇನ್ ನಡೆಸುವವರನ್ನೂ ಫೆಟ್ಲಿಂಗ್‌ನ ಹೆಣ್ಣುಮಕ್ಕಳನ್ನೂ ಮಾತನಾಡಿಸಿದರು. ಥಿನ್ನರ್ ಚೆಲ್ಲಿದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಒಬ್ಬಾಕೆ ಮಾತಿನಲ್ಲಿ ಉತ್ತರಿಸದೆ, ಉಸುಕಿನ ಬಕೆಟ್ ಇಟ್ಟ ಜಾಗಕ್ಕೆ ಅವರನ್ನು ಕರೆದುಕೊಂಡು ಹೋಗಿ ತೋರಿಸಿದಳು. ಸಣ್ಣ ಕೊರತೆಗಳನ್ನು ಬರೆದುಕೊಟ್ಟರು, ಅವನ್ನು ಸರಿಪಡಿಸಿ ಆಧಾರ ಕಳುಹಿಸಿದ ಮೇಲೆ ಪ್ರಮಾಣಪತ್ರ ಬಂತು. ಅದರ ಅವಧಿ ಮೂರು ವರ್ಷ, ನಡುವೆ ಪ್ರತಿವರ್ಷ ಪರಿಶೀಲನೆ. ಶೆಡ್ಡಿನೊಳಗಿನ ಸಿಲಿಕಾ ದೂಳಿನಿಂದ ಕೆಲಸಗಾರರ ಪುಪ್ಪುಸಕ್ಕೆ ಆಗುವ ಹಾನಿ ಐಎಸ್‌ಒ 45001 ಎಂಬ, ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆಗಿರುವ ಬೇರೆ ಮಾನದಂಡದ ವಿಷಯವೆಂದು ಕೆಲವರು ಬದಿಗಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಹೊರಗಿನ ಗಾಳಿಗೆ ಹೋಗದಂತೆ ದೂಳನ್ನು ಹಿಡಿಯುವ ಯಂತ್ರವೇ ಒಳಗೆ ಉಸಿರಾಡುವವರನ್ನೂ ಕಾಯುತ್ತದೆ, ಆದ್ದರಿಂದ ಅದರ ಖರ್ಚನ್ನು ನಾವು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಮಂಜೂರು ಮಾಡಿದೆವು.

ಖರ್ಚಿನ ಬದಿಯನ್ನೂ ಹೇಳಬೇಕು. ಸಲಹೆಗಾರರ ಶುಲ್ಕ, ಪ್ರಮಾಣೀಕರಣದ ಶುಲ್ಕ, ಪ್ರತಿವರ್ಷದ ಪರಿಶೀಲನೆಯ ಶುಲ್ಕ, ಮೀಟರುಗಳು, ಉಸುಕಿನ ಯಂತ್ರ, ಮೇಲಾಗಿ ನಮ್ಮ ಜನರ ಸಮಯ. ಉಸುಕಿನ ಯಂತ್ರವನ್ನು ಬಿಟ್ಟರೆ ಉಳಿದೆಲ್ಲವೂ ಮೊದಲ ವರ್ಷದ ಉಳಿತಾಯದಲ್ಲಿಯೇ ತೀರಿತು. ಯಂತ್ರ ತನ್ನ ಬೆಲೆಯನ್ನು ಇನ್ನೂ ತೀರಿಸುತ್ತಿದೆ. ಸಣ್ಣ ಘಟಕಗಳು ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಝೆಡ್ (ದೋಷ ಶೂನ್ಯ, ಪರಿಸರ ಹಾನಿ ಶೂನ್ಯ) ಪ್ರಮಾಣೀಕರಣ ಯೋಜನೆಯನ್ನು ನೋಡಬೇಕು. ಅದು ಐಎಸ್‌ಒ 14001ಕ್ಕೆ ಬದಲಿಯಲ್ಲ, ಆದರೆ 2022ರಲ್ಲಿ ಪರಿಷ್ಕರಿಸಿದ ಆ ಯೋಜನೆಯಲ್ಲಿ ಪ್ರಮಾಣೀಕರಣದ ವೆಚ್ಚದ ಮೇಲೆ ಅತಿಸಣ್ಣ ಘಟಕಗಳಿಗೆ ಶೇ. 80, ಸಣ್ಣವಕ್ಕೆ ಶೇ. 60, ಮಧ್ಯಮ ಘಟಕಗಳಿಗೆ ಶೇ. 50ರಷ್ಟು ಸಹಾಯಧನ ಗೊತ್ತುಪಡಿಸಲಾಯಿತು, ಮತ್ತು ಅದಕ್ಕೆ ಮಾಡಿಕೊಂಡ ಸಿದ್ಧತೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಪ್ರಮಾಣಪತ್ರ ಬಂದ ಮಾತ್ರಕ್ಕೆ ಗ್ರಾಹಕರು ಕಿಲೋಗೆ ಹೆಚ್ಚು ದರ ಕೊಡುತ್ತಾರೆಂದು ಯಾರೂ ನಂಬಬಾರದು. ನಮಗೂ ಕೊಡಲಿಲ್ಲ. ಪಟ್ಟಿಯಲ್ಲಿ ಉಳಿದೆವು, ಮತ್ತು ಹೊಸ ಗ್ರಾಹಕರೊಬ್ಬರು ಒಂದು ಟನ್ ಎರಕಕ್ಕೆ ಎಷ್ಟು ಇಂಗಾಲ ಎಂಬ ಪ್ರಶ್ನಾವಳಿ ಕಳುಹಿಸಿದಾಗ ಉತ್ತರ ಕೊಡಬಲ್ಲವರಾಗಿದ್ದೆವು. ಕುಲುಮೆಯ ಮೀಟರಿನ ಅಂಕಿ ನಮ್ಮಲ್ಲಿತ್ತು. ದೇಶದ ವಿದ್ಯುತ್ ಜಾಲದ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಎಂಬ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಎರಡನ್ನೂ ಗುಣಿಸಿ ಕೊಟ್ಟೆವು, ಆದೇಶ ಬಂತು. ಈ ಮಾನದಂಡಕ್ಕೆ ಬಂದ 2024ರ ತಿದ್ದುಪಡಿಯಲ್ಲಿ ಹವಾಮಾನ ಬದಲಾವಣೆ ತಮಗೆ ಪ್ರಸ್ತುತವೇ ಎಂದು ಪ್ರತಿ ಸಂಸ್ಥೆಯೂ ಪರಿಶೀಲಿಸಬೇಕೆಂಬ ಮಾತು ಸೇರಿರುವುದರಿಂದ ಇಂಥ ಪ್ರಶ್ನೆಗಳು ಹೆಚ್ಚಲಿವೆ.

ನಮ್ಮಲ್ಲಿ ಬಗೆಹರಿಯದೆ ಉಳಿದಿರುವುದು ಅಚ್ಚಿನ ಬೆನ್ನಿಗೂ ಬಳಸಲಾಗದ ಉಸುಕು. ಸಿಮೆಂಟ್ ಇಟ್ಟಿಗೆ ಮಾಡುವವರೊಬ್ಬರು ಅದನ್ನು ಒಯ್ಯಲು ಸಿದ್ಧರಿದ್ದಾರೆ, ಆದರೆ ಪ್ರಯೋಗಾಲಯದ ಪರೀಕ್ಷಾ ವರದಿ ಬಾರದೆ, ಮಂಡಳಿಯ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲವೆಂದು ನಿರ್ಧರಿಸಿದ್ದೇವೆ. ಅಲ್ಲಿಯವರೆಗೆ ರಾಶಿಗೆ ಮೇಲ್ಛಾವಣಿ ಹಾಕಿ, ಸುತ್ತ ಕಟ್ಟೆ ಕಟ್ಟಿ, ಮಳೆನೀರು ಅದನ್ನು ಮುಟ್ಟದಂತೆ ಮಾಡಿದ್ದೇವೆ. ಈ ವರ್ಷದ ಗುರಿಗಳಲ್ಲಿ ಮೊದಲನೆಯದು ರೈಸರ್‌ಗಳ ವಿನ್ಯಾಸವನ್ನು ಸಿಮ್ಯುಲೇಷನ್ ತಂತ್ರಾಂಶದಲ್ಲಿ ಪರಿಶೀಲಿಸಿ, ಕರಗಿಸಿದ ಲೋಹದಲ್ಲಿ ಮಾರಾಟಕ್ಕೆ ಹೋಗುವ ಪಾಲನ್ನು ಹೆಚ್ಚಿಸುವುದು. ಅದಕ್ಕಾಗಿ ನಾನು ಪ್ರತಿ ಪ್ಯಾಟರ್ನಿಗೂ ಬೇರೆ ಬೇರೆ ಖಾತೆ ತೆರೆಯುತ್ತಿದ್ದೇನೆ. ಯಾರಾದರೂ ಹೊಸದಾಗಿ ಈ ಕೆಲಸ ಕೈಗೆತ್ತಿಕೊಳ್ಳುವುದಾದರೆ, ಸಲಹೆಗಾರರನ್ನು ಕರೆಯುವ ಮೊದಲು ಕುಲುಮೆಗೆ ಒಂದು ಮೀಟರ್, ನೀರಿನ ಪೈಪಿಗೆ ಒಂದು ಮೀಟರ್ ಹಾಕಿಸಿ, ಉಸುಕಿನ ಲಾರಿಗಳನ್ನು ಒಳಗೂ ಹೊರಗೂ ತೂಗಿಸಿ ಬರೆದಿಡಲಿ. ಸಲಹೆಗಾರರು ಬರುವ ಹೊತ್ತಿಗೆ ಎಲ್ಲಿಂದ ಆರಂಭಿಸಬೇಕೆಂಬುದು ಆ ಪುಸ್ತಕದಲ್ಲಿಯೇ ಸಿಗುತ್ತದೆ.